ಫ್ರೀಲಾನ್ಸ್ ಬಿಟ್ಟು ಪುನಃ ಚೀಲ ಪ್ರಿಂಟ್ ಮಾಡ್ಲಿಕ್ಕೆ ಹೊರಟದ್ದು: ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆಗೆ ಹೋದಲ್ಲಿ, ಬಸ್ಸಲ್ಲಿ, ವಾಟ್ಸಾಪಲ್ಲಿ ಎಲ್ಲ ಕಡೆ ಅದೇ ಅದೇ ಕೇಳ್ತಾರೆ, ಉತ್ತರ ಹೇಳಿ ಹೇಳಿ ನನಗೇ ಬಾಯಿಪಾಠ ಆಗಿದೆ. ಹಾಗಾಗಿ ಒಮ್ಮೆ ಕೂತು ಬರ್ದು ಇಟ್ಟಿದ್ದೇನೆ. ಇನ್ನು ಯಾರು ಕೇಳಿದ್ರೂ ಇದನ್ನೇ ಕಳಿಸುದು.

ಈಗ ನೀವು ಸರಿಯಾಗಿ ಎಂತ ಕೆಲಸ ಮಾಡುದು?

ಸ್ಕ್ರೀನ್ ಪ್ರಿಂಟಿಂಗ್. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಮನೆ, ಹಿಂದೆ ಮೊದಲು ಅಡಿಕೆ ಸುಲಿಯುವ ಕೊಟ್ಟಗೆ ಇತ್ತು, ಅದೇ ಈಗ ನನ್ನ ಪ್ರೆಸ್ಸು. ಬಟ್ಟೆ ಚೀಲ, ನೋಟ್‌ಬುಕ್ಕಿನ ರಟ್ಟು, ಮದುವೆ ಕಾಗದ, ಮನೆ ಒಕ್ಕಲಿನ ಕಾಗದ. ಅಕ್ಷರ ನಾನೇ ಕೈಯಲ್ಲಿ ಬರೆಯುದು, ಫಾಂಟ್ ಅಲ್ಲ. ನಾನು ಮತ್ತೆ ವಾರಕ್ಕೆ ಮೂರು ದಿನ ಬರುವ ಪಕ್ಕದ ಮನೆ ಅಕ್ಕ, ಇಷ್ಟೇ ಸ್ಟಾಫು.

ಇದೇ ಕೆಲಸ ಮೊದಲೂ ಮಾಡ್ತಿದ್ರಲ್ಲ, ಮತ್ತೆ ಯಾಕೆ ಬಿಟ್ಟದ್ದು?

ಹೌದು, ಇದು ಎರಡನೇ ಇನ್ನಿಂಗ್ಸ್. ಮೊದಲ ಸಲ ಶುರು ಮಾಡಿದ್ದು 2018ರಲ್ಲಿ, ಏನೂ ಗೊತ್ತಿಲ್ಲದೆ. 2020 ಜನವರಿ 1ರಿಂದ ಕೇರಳದಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಬ್ಯಾನ್ ಆಯ್ತು ನೋಡಿ, ಅಂಗಡಿಯವರು ಬಟ್ಟೆ ಚೀಲ ಬಟ್ಟೆ ಚೀಲ ಅಂತ ಹುಡುಕಿಕೊಂಡು ಬರ್ಲಿಕ್ಕೆ ಶುರು, ಎರಡೂವರೆ ತಿಂಗಳು ಗೌಜಿಯೋ ಗೌಜಿ. ಮಾರ್ಚಲ್ಲಿ ಲಾಕ್‌ಡೌನ್, ಅದರೊಟ್ಟಿಗೆ ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ತಂದು ರಾಶಿ ಹಾಕಿದ್ರು. ಮಂಗಳೂರಿನ ಆಸ್ಪತ್ರೆಗೆ ಹೋಗ್ಲಿಕ್ಕಾಗದೆ ಜನ ಒದ್ದಾಡಿದ ಸಮಯ ಅದು, ಅದರ ಮಧ್ಯೆ ನನ್ನ ಚೀಲದ ಕತೆ ಹೇಳ್ಲಿಕ್ಕೆ ನಾಚಿಕೆಯೇ ಆಗ್ತದೆ, ಆದ್ರೆ ನನ್ನ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಗಡಿಯ ತಲಪಾಡಿಯಿಂದ ಆಚೆ, ಕರ್ನಾಟಕದವರು. ಪ್ರಿಂಟ್ ಆಗಿ ಕಟ್ಟಿಟ್ಟ 400 ಚೀಲ ಕೊಟ್ಟಗೆಯಲ್ಲೇ ಕೂತು ಆ ಮಳೆಗಾಲ ಬೂಸ್ಟು ಹಿಡಿಯಿತು.

ಮನೆಯಲ್ಲಿ ಲ್ಯಾಪ್‌ಟಾಪ್ ಇತ್ತು, ಡಿಸೈನ್ ಗೊತ್ತಿತ್ತು, ಎಲ್ಲರೂ ಮನೆಯಿಂದಲೇ ಕೆಲಸ ಮಾಡುವ ಕಾಲ. ಎರಡು ತಿಂಗಳಿಗೆ ಅಂತ ಫ್ರೀಲಾನ್ಸ್ ಡಿಸೈನಿಗೆ ಹೋದವಳು ನಾಲ್ಕು ವರ್ಷ ಅಲ್ಲೇ ಕೂತೆ.

ಫ್ರೀಲಾನ್ಸ್ ಅಂದ್ರೆ ನಮಗೆ ನಾವೇ ಬಾಸ್ ಅಲ್ವಾ? ಅದರಲ್ಲಿ ಎಂತ ಬಂಙ?

ನೌಕರಿಯವರಿಗೆ ಒಬ್ಬ ಬಾಸ್ ಇರುದು, ನನಗೆ ಐದು ಜನ ಇದ್ರು, ಒಬ್ಬರಿಗೆ ಇನ್ನೊಬ್ಬರು ಉಂಟು ಅಂತಲೇ ಗೊತ್ತಿಲ್ಲ.

ಒಂದು ದಿನದ್ದು ಹೇಳ್ತೇನೆ. ದೀಪಾವಳಿಯ ಮುನ್ನಾದಿನ. ಬೆಂಗಳೂರಿನ ಒಂದು ಏಜೆನ್ಸಿ, ಹೆಸರು ಬೇಡ, ಒಂದೇ ದಿನಕ್ಕೆ 14 ಪೋಸ್ಟ್ ಆಗ್ಬೇಕು. ಮ್ಯಾಟರ್ ಬರುದು ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ, ಅದನ್ನು ಯುನಿಕೋಡ್ ಮಾಡಿದ್ರೆ ಅರ್ಕಾವೊತ್ತು ಒಂದು ಕಡೆ ಒತ್ತಕ್ಷರ ಒಂದು ಕಡೆ, "ಶುಭಾಶಯ"ದ ಶು ಇದ್ದಲ್ಲಿ ಎಂತದೋ ಚೌಕ. ಎಲ್ಲ ಒಂದೊಂದಾಗಿ ಕೈಯಲ್ಲಿ ಸರಿ ಮಾಡಿ ಕಳಿಸಿ ಊಟಕ್ಕೆ ಕೂತ್ರೆ ರಾತ್ರಿ 11.40ಕ್ಕೆ ಮೆಸೇಜ್, ಸಣ್ಣ ಚೇಂಜ್ ಅಷ್ಟೆ ಮೇಡಂ. ನಾಲ್ಕು ವರ್ಷದಲ್ಲಿ ಒಬ್ಬರೂ ನನಗೆ ದೊಡ್ಡ ಚೇಂಜ್ ಅಂತ ಹೇಳಿದ್ದಿಲ್ಲ, ಎಲ್ಲ ಸಣ್ಣದೇ. ಮರುದಿನ ಸಂಜೆ ಅಂಗಳದಲ್ಲಿ ಹಣತೆ ಹಚ್ಚಿದ್ದು ಅಮ್ಮ, ನಾನು ಒಳಗೆ ಸ್ಕ್ರೀನಿನಲ್ಲಿರುವ ಹಣತೆಯ ಬ್ರೈಟ್‌ನೆಸ್ ಹೆಚ್ಚು ಮಾಡ್ತಾ ಇದ್ದೆ.

ಕೆಲಸ ಜಾಸ್ತಿ ಆಯ್ತು ಅಂತ ಹೇಳುದು ಅಲ್ಲ ಇದು. ಚೀಲದ ಕೆಲಸದಲ್ಲಿ ರಾತ್ರಿ ಒಂದು ಗಂಟೆವರೆಗೆ ಸ್ಕ್ವೀಜಿ (ಇಂಕು ಒತ್ತಿ ಎಳೆಯುವ ರಬ್ಬರ್ ಪಟ್ಟಿ) ಎಳೆದದ್ದುಂಟು, ಬೆಳಿಗ್ಗೆ ಎದ್ದು ಚಾ ಕುಡಿದ್ರೆ ಮುಗೀತು, ಪುನಃ ಫ್ರೆಶ್. ಇಲ್ಲಿ ಹಾಗಾಗ್ಲಿಲ್ಲ, ಯಾಕಂದ್ರೆ ರೇಟ್ ಅವರದ್ದು, ದಿನ ಅವರದ್ದು, ಮಾಡಿದ ಮೇಲೆ ಹೆಸರೂ ಅವರದ್ದು. ಈ ಮೂರರಲ್ಲಿ ಒಂದಾದ್ರೂ ನನ್ನ ಕೈಯಲ್ಲಿ ಇದ್ದಿದ್ರೆ ಇನ್ನೂ ಮಾಡ್ತಿದ್ದೆನೋ ಏನೋ. ನಾನು ಪುನಃ ಶುರು ಮಾಡುವಾಗ ಪ್ರೆಸ್ ರೆಡಿ ಮಾಡುದಕ್ಕಿಂತ ಮೊದಲು ಮಾಡಿದ್ದು ಈ ಮೂರನ್ನು ವಾಪಸ್ ತಗೊಳ್ಳುವ ಕೆಲಸ, ಕೆಳಗೆ ಬರುವ ಉತ್ತರಗಳೆಲ್ಲ ಹೆಚ್ಚುಕಮ್ಮಿ ಅದರದ್ದೇ.

ಅದು ಬರ್ನೌಟಾ, ಮಂಡೆಬಿಸಿಯಾ, ಉದಾಸೀನವಾ? ಹೇಗೆ ಗೊತ್ತಾಗುದು?

ದೊಡ್ಡಮ್ಮನ ಪ್ರಕಾರ ಉದಾಸೀನ, ಅಂದ್ರೆ ಸೋಮಾರಿತನ.

ಮಂಡೆಬಿಸಿ ಅಂದ್ರೆ ಟೆನ್ಶನ್, ಕೆಲಸ ಮುಗಿದ ಕೂಡ್ಲೆ ಇಳಿಯುವಂಥದ್ದು. ಬರ್ನೌಟ್ ಎಂಬ ಮಾತನ್ನು ಈ ಅರ್ಥದಲ್ಲಿ ಬರೆದದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್, 1974ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ತನ್ನ ರೋಗಪಟ್ಟಿಯಲ್ಲಿ ವಿವರಿಸುವಾಗ ಇದು ಕಾಯಿಲೆ ಅಲ್ಲ, ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಅಂತ ಹೇಳಿ ಮೂರು ಲಕ್ಷಣ ಕೊಟ್ಟಿದೆ: ತ್ರಾಣವೇ ಇಲ್ಲದ ಹಾಗೆ ಆಗುದು, ಕೆಲಸದ ಮೇಲೆ ಮನಸ್ಸು ದೂರ ಆಗಿ ಕಹಿ ಬರುದು, ಮತ್ತೆ ಮಾಡುವ ಸಾಮರ್ಥ್ಯ ಕಮ್ಮಿ ಆದ ಹಾಗೆ ಅನಿಸುದು. ನನಗೆ ಮೂರೂ ಇತ್ತು. ಆದಿತ್ಯವಾರ ಪೂರ್ತಿ ಮಲಗಿದ್ರೂ ಸೋಮವಾರ ಕಾಲು ಎತ್ತಿ ಇಡ್ಲಿಕ್ಕಾಗುದಿಲ್ಲ. ಮೊಬೈಲಲ್ಲಿ ಒಂದು ನಿರ್ದಿಷ್ಟ ಹೆಸರು ಕಂಡ್ರೆ ಹೊಟ್ಟೆ ತೊಳೆಸಿದ ಹಾಗೆ. ಹತ್ತು ನಿಮಿಷದ ಕೆಲಸಕ್ಕೆ ಎರಡು ಗಂಟೆ, ಒಂದು ಗೆರೆ ಎಳೆಯುದು, ಅಳಿಸುದು, ಪುನಃ ಅದೇ ಗೆರೆ ಎಳೆಯುದು.

ಆದ್ರೆ ಕೆಲಸ ಮಾತ್ರ ಅಲ್ಲ, ಯಾವುದೂ ಬೇಡ, ಊಟ ನಿದ್ದೆ ಜನ ಎಂತದೂ ಬೇಡ ಅಂತ ಆಗ್ತಿದ್ರೆ ಅದಕ್ಕೆ ಬರ್ನೌಟ್ ಅಂತ ಹೆಸರಿಟ್ಟು ಕೂರ್ಬೇಡಿ, ಡಾಕ್ಟರ ಹತ್ರ ಹೋಗಿ. ಮನಸ್ಸಿನ ಆರೋಗ್ಯಕ್ಕೆ ಸರಕಾರದ ಸಹಾಯವಾಣಿ ಟೆಲಿ ಮಾನಸ್, 14416 ನಂಬ್ರ, ದಿನದ 24 ಗಂಟೆಯೂ ಉಂಟು, ಧರ್ಮಕ್ಕೆ, ಭಾಷೆ ಆರಿಸ್ಲಿಕ್ಕೂ ಆಗ್ತದೆ.

ಒಂದೇ ಸಲ ಬಿಟ್ರಾ?

ಇಲ್ಲಪ್ಪ. ಎಂಟು ತಿಂಗಳು ಹಿಡಿಯಿತು. ರಾಜೀನಾಮೆ ಮುಖಕ್ಕೆ ಬಿಸಾಡಿ ಬರುದೆಲ್ಲ ಸಿನಿಮಾದಲ್ಲಿ.

ಮೊದಲು ಒಂದು ಹಳೆ ಡೈರಿಯಲ್ಲಿ ಕಳೆದ ಆರು ತಿಂಗಳ ಲೆಕ್ಕ ಬರ್ದೆ. ಯಾರು ಎಷ್ಟು ಕೊಟ್ರು, ನಿಜವಾಗಿ ಎಷ್ಟು ಗಂಟೆ ಹೋಯ್ತು (ಫೋನಲ್ಲಿ ಮಾತಾಡಿದ್ದು, ಸಣ್ಣ ಚೇಂಜು, ಎಲ್ಲ ಸೇರಿಸಿ), ಬಿಲ್ ಕಳಿಸಿ ಎಷ್ಟು ದಿನಕ್ಕೆ ದುಡ್ಡು ಬಂತು. ಬರ್ದು ನೋಡಿದ್ರೆ ತಿಂಗಳಿಗೆ ಅತಿ ಹೆಚ್ಚು ಕೊಡುವ ಪಾರ್ಟಿಯೇ ಗಂಟೆ ಲೆಕ್ಕದಲ್ಲಿ ಅತಿ ಕಮ್ಮಿ, ದಿನಕ್ಕೆ ಲೆಕ್ಕ ಹಾಕಿದ್ರೆ ತೋಟದ ಕೆಲಸಕ್ಕೆ ಬರುವವರ ಸಂಬಳದ ಅರ್ಧವೂ ಇಲ್ಲ. ಅವರನ್ನು ಬಿಟ್ರೆ ಮನೆ ನಡೆಯುದಿಲ್ಲ ಅಂತ ಹೆದರಿಕೊಂಡು ಕೂತದ್ದೇ ಅವರಿಗಾಗಿ, ಅವರನ್ನೇ ಮೊದಲು ಬಿಟ್ಟೆ. ಮತ್ತೆ ತಿಂಗಳಿಗೆ, ಎರಡು ತಿಂಗಳಿಗೆ ಒಬ್ಬೊಬ್ಬರು. ಮಕ್ಕಳ ಪುಸ್ತಕದ ಚಿತ್ರ ಬರೆಸುವ ಒಬ್ಬರನ್ನು ಮಾತ್ರ ಇವತ್ತಿಗೂ ಇಟ್ಟುಕೊಂಡಿದ್ದೇನೆ, ಅವರು ಹೇಳಿದ ದಿನಕ್ಕೆ ದುಡ್ಡು ಹಾಕ್ತಾರೆ, ಒಂದು ಸಲ ಮಾತ್ರ ತಿದ್ದಿಸ್ತಾರೆ.

ಆರು ತಿಂಗಳ ಮನೆ ಖರ್ಚು ಬೇರೆ ಅಕೌಂಟಲ್ಲಿ ಹಾಕಿಟ್ಟ ಮೇಲೆಯೇ ಕೊನೆಯವರಿಗೆ ಮೆಸೇಜ್ ಹಾಕಿದ್ದು. ಅದು ಹೇಗೆ ಬರೆಯುದು ಅಂತ ತುಂಬ ಜನ ಕೇಳ್ತಾರೆ, ನಾನು ಕಳಿಸಿದ್ದು ಇಷ್ಟೇ: "ನಮಸ್ಕಾರ. ಮುಂದಿನ ತಿಂಗಳು 30ರ ನಂತರ ಹೊಸ ಕೆಲಸ ತಗೊಳ್ಳುದಿಲ್ಲ. ಕೈಯಲ್ಲಿರುವ ಮೂರು ಕೆಲಸ ಮುಗಿಸಿ ಕೊಡ್ತೇನೆ. ಬಾಕಿ ಪೇಮೆಂಟ್ ಬಂದ ದಿನ ಒರಿಜಿನಲ್ ಫೈಲುಗಳನ್ನು ಕಳಿಸ್ತೇನೆ." ಕಾರಣ ಬರೆಯಬೇಡಿ. ಹುಷಾರಿಲ್ಲ ಅಂದ್ರೆ ಹುಷಾರಾದ ಮೇಲೆ ಮಾಡಿ ಅಂತಾರೆ, ದುಡ್ಡು ಸಾಕಾಗುದಿಲ್ಲ ಅಂದ್ರೆ 500 ಹೆಚ್ಚು ಕೊಡ್ತೇವೆ ಅಂತಾರೆ, ಕಾರಣದೊಟ್ಟಿಗೇ ಚೌಕಾಸಿ ಮಾಡ್ತಾರೆ.

ಬರ್ಲಿಕ್ಕಿದ್ದ ಬಾಕಿ ದುಡ್ಡು ಬಂತಾ?

ಎರಡು ಕಡೆಯಿಂದ ಬಂತು, ಒಂದು ಕಡೆಯದ್ದು ಹೋಯ್ತು. ಹೋದದ್ದು ನನ್ನದೇ ತಪ್ಪಿನಿಂದ, ವಾಯ್ಸ್ ಮೆಸೇಜಲ್ಲಿ ರೇಟ್ ಮಾತಾಡಿದ್ದು, ಬರೆದದ್ದು ಎಂತದೂ ಇಲ್ಲ.

ಫ್ರೀಲಾನ್ಸ್ ಮಾಡುವವರು ದಯವಿಟ್ಟು ಉದ್ಯಂ ರಿಜಿಸ್ಟ್ರೇಷನ್ (ನಮ್ಮದು ಸಣ್ಣ ಉದ್ಯಮ ಅಂತ ಸರಕಾರದಲ್ಲಿ ದಾಖಲು) ಮಾಡಿಡಿ, ಅದೂ ಕೆಲಸ ಶುರು ಮಾಡುವ ಮೊದಲೇ. ಆಧಾರ್ ಇದ್ದು ಪಾನ್ ಇದ್ರೆ ಆನ್‌ಲೈನಲ್ಲಿ ಆಗ್ತದೆ, ಸರಕಾರಕ್ಕೆ ಒಂದು ಪೈಸೆ ಫೀಸ್ ಇಲ್ಲ, ದುಡ್ಡು ಕೇಳುವ ವೆಬ್‌ಸೈಟ್ ಎಲ್ಲ ಏಜೆಂಟರದ್ದು. 2006ರ ಎಂಎಸ್‌ಎಂಇ ಕಾನೂನಿನ ಪ್ರಕಾರ ಸಣ್ಣ ಉದ್ಯಮದವರಿಂದ ಕೆಲಸ ತಗೊಂಡವರು ಬರಹದಲ್ಲಿ ಒಪ್ಪಂದ ಇದ್ರೆ ಆ ದಿನದ ಒಳಗೆ, ಅದೂ 45 ದಿನ ದಾಟಬಾರದು, ಒಪ್ಪಂದ ಇಲ್ಲದಿದ್ರೆ 15 ದಿನದ ಒಳಗೆ ದುಡ್ಡು ಕೊಡ್ಬೇಕು. ತಪ್ಪಿದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳು ತಿಂಗಳು ಚಕ್ರಬಡ್ಡಿ. ದೂರು ಹಾಕ್ಲಿಕ್ಕೆ ಸರಕಾರದ ಪೋರ್ಟಲ್ ಉಂಟು, ನಾನು ನೋಡುವಾಗ ಅದರ ಹೆಸರು ಸಮಾಧಾನ್ (ಹೆಸರು ಇಟ್ಟವರಿಗೆ ತಮಾಷೆ ಗೊತ್ತುಂಟು). ಆದ್ರೆ ನನಗೆ ಕೆಲಸಕ್ಕೆ ಬಂದದ್ದು ದೂರಲ್ಲ, ಇನ್ನೊಂದು. 2024ರಿಂದ ಆದಾಯ ತೆರಿಗೆಯಲ್ಲಿ ಒಂದು ನಿಯಮ ಬಂದಿದೆ, ಸಣ್ಣ ಉದ್ಯಮದವರ ಬಿಲ್ಲನ್ನು ಈ ಗಡುವಿನೊಳಗೆ ಕೊಡದಿದ್ರೆ ಕೊಡುವವರೆಗೆ ಕಂಪನಿಯವರು ಅದನ್ನು ಖರ್ಚು ಅಂತ ತೋರಿಸುವ ಹಾಗಿಲ್ಲ. ಡಿಸೈನ್ ಹೆಡ್ಡಿಗೆ ಮೂರು ತಿಂಗಳು ಮೆಸೇಜ್ ಹಾಕಿ ಆಗದ್ದು, ಬಿಲ್ಲಿನ ಮೇಲೆ ಉದ್ಯಂ ನಂಬರ್ ಹಾಕಿ ಅಕೌಂಟ್ಸಿನವರಿಗೆ ವರ್ಷದ ಲೆಕ್ಕ ಮುಗಿಯುವ ಮಾರ್ಚ್ ತಿಂಗಳಲ್ಲಿ ಒಂದು ಮೈಲ್ ಹಾಕಿದ್ದೇ ಒಂಬತ್ತು ದಿನದಲ್ಲಿ ಆಯ್ತು.

ಮೊದಲು ಕ್ಲೈಂಟಿಗೆ ಮಾಡಿದ ಚಿತ್ರ, ಅಕ್ಷರ ಎಲ್ಲ ಈಗ ನಿಮ್ಮ ಚೀಲಕ್ಕೆ ಹಾಕಬಹುದಾ?

ಇದು ಒಳ್ಳೆ ಪ್ರಶ್ನೆ, ನನಗೆ ತಡವಾಗಿ ಗೊತ್ತಾದದ್ದು. 1957ರ ಕಾಪಿರೈಟ್ ಕಾನೂನಲ್ಲಿ ಸಂಬಳಕ್ಕಿರುವ ನೌಕರ ಮಾಡಿದ್ದು ಕಂಪನಿಯದ್ದು, ಆದ್ರೆ ಹೊರಗಿನಿಂದ ಮಾಡಿಕೊಟ್ಟದ್ದಕ್ಕೆ ಸಾಮಾನ್ಯವಾಗಿ ಮಾಡಿದವರೇ ಮೊದಲ ಯಜಮಾನರು. ಅದಕ್ಕೆ ಕೆಲವು ಹೊರತು ಉಂಟು, ದುಡ್ಡು ಕೊಟ್ಟು ತೆಗೆಸಿದ ಫೋಟೋ, ಬರೆಸಿದ ಪೈಂಟಿಂಗ್, ಭಾವಚಿತ್ರ ಇಂಥದ್ದು ಬೇರೆ ಒಪ್ಪಂದ ಇಲ್ಲದಿದ್ರೆ ಬರೆಸಿದವರದ್ದು. ಹಕ್ಕು ಬರ್ದು ಕೊಡುದಾದ್ರೆ ಬರಹದಲ್ಲೇ ಇರ್ಬೇಕು, ಸಹಿ ಬೇಕು, ಎಷ್ಟು ವರ್ಷಕ್ಕೆ ಅಂತ ಹೇಳದಿದ್ರೆ ಐದು ವರ್ಷ ಅಂತ ಲೆಕ್ಕ. ಹಳೆ ಮೈಲ್ ಎಲ್ಲ ತೆಗೆದು ನೋಡಿದೆ, ಇಬ್ಬರಿಗೆ ಎಲ್ಲ ಹಕ್ಕು ಬರ್ದು ಕೊಟ್ಟು ಸಹಿ ಹಾಕಿಯಾಗಿತ್ತು, ಓದದೆ. ಅದರಲ್ಲಿ ನನ್ನ ಒಂದು ಒಳ್ಳೆ ಅಕ್ಷರಮಾಲೆ ಹೋಯ್ತು, ಅದು ನೆನಪಾದ್ರೆ ಈಗಲೂ ಹೊಟ್ಟೆ ಉರೀತದೆ. ಬಾಕಿಯವರ ಕೆಲಸಗಳಲ್ಲಿ ಅವರು ರಿಜೆಕ್ಟ್ ಮಾಡಿದ ಸ್ಕೆಚ್‌ಗಳೇ ಈಗ ಚೆನ್ನಾಗಿ ಮಾರಾಟ ಆಗ್ತಿರುದು. ಕ್ಲೈಂಟಿನ ಲೋಗೋ ಹೆಸರು ಇರುವುದನ್ನು ಮಾತ್ರ ಮುಟ್ಲಿಕ್ಕೆ ಹೋಗ್ಬೇಡಿ, ಅಲ್ಲಿ ಟ್ರೇಡ್‌ಮಾರ್ಕ್ ಕತೆಯೇ ಬೇರೆ.

ಬಂಡವಾಳ?

ಟೇಬಲ್, ಕ್ಲ್ಯಾಂಪ್ ಎಲ್ಲ ಹಳೆಯದೇ ಇತ್ತು. ಹೊಸ ಫ್ರೇಮು, ಮೆಶ್ (ಫ್ರೇಮಿಗೆ ಬಿಗಿಯುವ ಜಾಲರಿ ಬಟ್ಟೆ), ಎಮಲ್ಷನ್ (ಅದಕ್ಕೆ ಹಚ್ಚುವ, ಬೆಳಕಿಗೆ ಗಟ್ಟಿ ಆಗುವ ದ್ರವ), ಇಂಕು, ಚೀಲದ ಮೊದಲ ಲಾಟ್ ಎಲ್ಲ ಸೇರಿ 40 ಸಾವಿರದ ಆಚೀಚೆ. ಅದರಲ್ಲಿ ಒಂದು ಪಾಲು ಟಿಡಿಎಸ್ ರಿಫಂಡಿನದ್ದು, ಏಜೆನ್ಸಿಯವರು ಪ್ರತಿ ಬಿಲ್ಲಲ್ಲಿ 10 ಪರ್ಸೆಂಟ್ ಆದಾಯ ತೆರಿಗೆ ಅಂತ ಹಿಡಿದಿದ್ರು, ನಾನು ಎರಡು ವರ್ಷ ಅದು ಹೋದ ದುಡ್ಡು ಅಂತಲೇ ತಿಳಿದದ್ದು! ರಿಟರ್ನ್ ಫೈಲ್ ಮಾಡಿದ್ರೆ ನಮ್ಮ ತೆರಿಗೆಗಿಂತ ಹೆಚ್ಚು ಹಿಡಿದದ್ದು ವಾಪಸ್ ಬರ್ತದೆ ಮಾರಾಯ್ರೆ. ಸಾಲ ಬೇಕಾದವರಿಗೆ ಮುದ್ರಾದಲ್ಲಿ ಶಿಶು ಅಂತ 50 ಸಾವಿರದವರೆಗೆ ಜಾಮೀನಿಲ್ಲದೆ ಉಂಟು. ನಾನು ತಗೊಳ್ಳಲಿಲ್ಲ, ಪುನಃ ಇನ್ನೊಬ್ಬರ ದಿನಾಂಕಕ್ಕೆ ಕಾಯುವ ಮನಸ್ಸಿರ್ಲಿಲ್ಲ ಅಷ್ಟೆ.

ಮಂಗಳೂರಿಗೆ ಕಳಿಸ್ಲಿಕ್ಕೆ ಜಿಎಸ್‌ಟಿ ಬೇಕಾ? ನಮ್ಮದು ಸಣ್ಣ ವ್ಯಾಪಾರ ಅಲ್ವಾ?

ಕಾಸರಗೋಡಿನವರು ಎಲ್ಲರೂ ಬೀಳುವ ಹೊಂಡ ಇದು. ಫ್ರೀಲಾನ್ಸ್ ಡಿಸೈನ್ ಅಂದ್ರೆ ಸರ್ವಿಸ್, ವರ್ಷಕ್ಕೆ 20 ಲಕ್ಷದ ಒಳಗಿದ್ರೆ ಬೆಂಗಳೂರಿನವರಿಗೆ ಮಾಡಿಕೊಟ್ರೂ ರಿಜಿಸ್ಟ್ರೇಷನ್ ಬೇಡ. ಅದೇ ಚೀಲ ಅಂದ್ರೆ ವಸ್ತು. ಕೇರಳದ ಒಳಗೇ ಮಾರಿದ್ರೆ 40 ಲಕ್ಷದವರೆಗೆ ತೊಂದ್ರೆ ಇಲ್ಲ, ಆದ್ರೆ ವಸ್ತು ರಾಜ್ಯ ದಾಟಿದ್ರೆ ಒಂದು ರೂಪಾಯಿಯದ್ದಾದ್ರೂ ರಿಜಿಸ್ಟ್ರೇಷನ್ ಬೇಕು. ತಿರುವನಂತಪುರದವರೆಗೆ ಚೀಲ ಕಳಿಸಬಹುದು, ಮಂಜೇಶ್ವರದಿಂದ ಒಂದು ಬಸ್ಸಿನ ದಾರಿ ಇರುವ ತೊಕ್ಕೊಟ್ಟಿಗೆ ಆಗುದಿಲ್ಲ. 1956ರಲ್ಲಿ ರಾಜ್ಯ ವಿಂಗಡಿಸುವಾಗ ಎಳೆದ ಗೆರೆ ಈಗ ನನ್ನ ಚೀಲಕ್ಕೆ ಸಿಕ್ಕಿಹಾಕಿಕೊಳ್ತದೆ. ಕೆಲವು ಕರಕುಶಲ ವಸ್ತುಗಳಿಗೆ ಇದರಲ್ಲಿ ವಿನಾಯಿತಿ ಉಂಟು, ನಿಮ್ಮದು ಆ ಪಟ್ಟಿಯಲ್ಲಿ ಬರ್ತದಾ ಅಂತ ಆಡಿಟರ ಹತ್ರ ಕೇಳಿ. ನಾನು ರಿಜಿಸ್ಟ್ರೇಷನ್ನೇ ಮಾಡಿಸಿಕೊಂಡೆ, ಮೊದಲ ಇನ್ನಿಂಗ್ಸಲ್ಲಿ ಎಂತದೂ ಇಲ್ಲದೆ ಬಸ್ಸಲ್ಲಿ ಪಾರ್ಸೆಲ್ ಹಾಕ್ತಿದ್ದದ್ದು ನೆನೆಸಿದ್ರೆ ಈಗ ಬೆವರು ಬರ್ತದೆ.

ನಮ್ಮ ಮಳೆಗೆ ಪ್ರಿಂಟ್ ಒಣಗ್ತದಾ?

ಪ್ರಿಂಟ್ ಹೇಗಾದ್ರೂ ಒಣಗ್ತದೆ, ಒಣಗದ್ದು ಸ್ಕ್ರೀನು. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರು ನಮ್ಮದು. ಮೆಶ್ಶಿಗೆ ಎಮಲ್ಷನ್ ಹಚ್ಚಿ ಕತ್ತಲೆಯಲ್ಲಿ ಒಣಗಿಸ್ಬೇಕು, ಮತ್ತೆ ಮೇಲೆ ಚಿತ್ರ ಇಟ್ಟು ಬೆಳಕು ತೋರಿಸಿದ್ರೆ ಬೆಳಕು ಬಿದ್ದಲ್ಲಿ ಗಟ್ಟಿ ಆಗ್ತದೆ, ಕಪ್ಪಿದ್ದಲ್ಲಿ ನೀರು ಹಾಕಿದ್ರೆ ತೊಳೆದು ಹೋಗಿ ಅಕ್ಷರದ ಆಕಾರಕ್ಕೆ ದಾರಿ ಬಿಡ್ತದೆ. ಜುಲೈಯಲ್ಲಿ ಹಚ್ಚಿ ಇಟ್ರೆ ಮರುದಿನವೂ ಕೈಗೆ ಜಿಗುಟು. ಹಾಗೇ ಎಕ್ಸ್‌ಪೋಸ್ ಮಾಡಿದ್ರೆ ಅರ್ಧಂಬರ್ಧ ಗಟ್ಟಿ ಆಗಿ ಅಲ್ಲಲ್ಲಿ ಸೂಜಿಮೊನೆಯಷ್ಟು ತೂತು ಬೀಳ್ತದೆ. ಇಂಗ್ಲಿಷ್ ಅಕ್ಷರಕ್ಕೆ ಅದು ಬರೇ ಒಂದು ಕಲೆ, ನಮಗೆ ಹಾಗಲ್ಲ. ಒಂದು ಲಾಟಲ್ಲಿ "ನಮ್ಮ ಊರು" ಅಂತ ಹಾಕಿದ್ದು, ರು-ವಿನ ಹೊಟ್ಟೆಯೊಳಗೆ ಸರಿಯಾಗಿ ನಡುವಿಗೆ ಒಂದು ತೂತು ಬಿದ್ದು 60 ಚೀಲದಲ್ಲಿ "ನಮ್ಮ ಊಠು" ಆಯ್ತು. ಅಕ್ಕ ಅದನ್ನು ನೋಡಿ ಊಟ ಆಯ್ತಾ ಅಂತ ಬರ್ದದ್ದಾ ಕೇಳಿದ್ರು.

ಈಗ ಹಳೆ ಬಟ್ಟೆಯ ಕಪಾಟಿಗೆ ಒಂದು ಸಣ್ಣ ಫ್ಯಾನು ಹಿಡಿಸಿ, ಕೆಳಗೆ ಒಂದು ಡಿಹ್ಯುಮಿಡಿಫೈಯರ್ ಇಟ್ಟಿದ್ದೇನೆ. ಬಟ್ಟೆಗೆ 43ಟಿ ಮೆಶ್, ಅಂದ್ರೆ ಸೆಂಟಿಮೀಟರಿಗೆ 43 ಎಳೆ, ಅದಕ್ಕಿಂತ ನಯದ್ದು ಹಾಕಿದ್ರೆ ಇಂಕ್ ಸರಿ ಇಳಿಯುದಿಲ್ಲ. ಎಕ್ಸ್‌ಪೋಸ್ ಆದ ಮೇಲೆ ಸ್ಕ್ರೀನನ್ನು ಕಿಟಿಕಿಗೆ ಹಿಡಿದು ಒಂದೊಂದು ರ, ದ, ಬ ನೋಡಿ ತೂತು ಇದ್ದಲ್ಲಿ ಬ್ರಶ್ಶಲ್ಲಿ ಎಮಲ್ಷನ್ ಮುಚ್ಚುದು. ಜೂನ್‌ನಿಂದ ಆಗಸ್ಟ್‌ವರೆಗೆ ಆರ್ಡರ್ ಅರ್ಧ ಮಾತ್ರ ತಗೊಳ್ಳುದು, ಬೇಕಾದವರು ಮೇಯಲ್ಲೇ ಹೇಳಿ.

ರೇಟ್ ಜಾಸ್ತಿ ಆಯ್ತಲ್ಲ, ಚೀಲಕ್ಕೆ 160ಆ?

ಲೆಕ್ಕ ಇಲ್ಲಿ ಉಂಟು, ಟ್ಯಾಕ್ಸ್ ಬಿಟ್ಟು. ಅಂಗಡಿಯವರಿಗೆ 48 ಹೋಗ್ತದೆ, ನನಗೆ ಬರುದು 112. ಖಾಲಿ ಚೀಲ 52, ಇಂಕು ಸ್ಕ್ರೀನು 10, ಅಕ್ಕನ ಸಂಬಳ 12, ಹಾಳಾದದ್ದು ಮತ್ತೆ ಪಾರ್ಸೆಲ್ 8. ಉಳಿಯುದು 30, ಅದು ನನ್ನ ಬರವಣಿಗೆ, ಕರೆಂಟು, ಕೊಟ್ಟಗೆ ಎಲ್ಲದಕ್ಕೆ. ಮೊದಲ ಇನ್ನಿಂಗ್ಸಲ್ಲಿ ಚೀಲ ಮತ್ತು ಇಂಕು ಮಾತ್ರ ಕಳೆದು 50 ಲಾಭ ಅಂತ ಖುಷಿಪಟ್ಟುಕೊಂಡು ತಿರುಗ್ತಿದ್ದೆ, ನನ್ನ ಕೂಲಿ ಲೆಕ್ಕಕ್ಕೇ ಇರ್ಲಿಲ್ಲ. ಸಂಬಂಧಿಕರಿಗೆ ಧರ್ಮಕ್ಕೆ ಇಲ್ಲ. ಮುಯ್ಯಿಗೆ ಬದಲು ಮದುವೆ ಕಾಗದ ಮಾಡಿಕೊಡು ಅಂದ್ರೂ ಇಲ್ಲ, ಮುಯ್ಯಿ ಕವರಲ್ಲಿ ಹಾಕಿ ಕೊಡ್ತೇನೆ, ಕಾಗದಕ್ಕೆ ಬಿಲ್ ಕೊಡ್ತೇನೆ.

ಮಲಯಾಳಂ ಮಾಡುದಿಲ್ವಾ?

ಮಾಡ್ತೇನೆ. ಇಲ್ಲಿ ಒಂದೇ ಮನೆಯ ಮದುವೆ ಕಾಗದ ಒಂದು ಮಗ್ಗುಲು ಕನ್ನಡ ಒಂದು ಮಗ್ಗುಲು ಮಲಯಾಳಂ ಇರುದು ಸಾಮಾನ್ಯ, ಮಾತು ತುಳುವಲ್ಲಿ. ಮಲಯಾಳಂ ಅಕ್ಷರ ಬರ್ದಾದ ಮೇಲೆ ಓದ್ಲಿಕ್ಕೆ ನೀಲೇಶ್ವರದ ಒಬ್ಬ ಟೀಚರಿಗೆ ಕಳಿಸ್ತೇನೆ, ಅವರು ಓಕೆ ಅಂದ ಮೇಲೆಯೇ ಸ್ಕ್ರೀನು. ಅತಿ ಹೆಚ್ಚು ಹೋಗುವ ಚೀಲ ಮಾತ್ರ ಕನ್ನಡದ್ದೇ, "ಮಂಡೆಬಿಸಿ" ಅಂತ ಒಂದೇ ಶಬ್ದ. ನಾಲ್ಕು ವರ್ಷದ್ದು ಸುಮ್ಮನೆ ಹೋಗ್ಲಿಲ್ಲ ನೋಡಿ.

ಮನೆಯವರು ಎಂತ ಹೇಳಿದ್ರು?

ಅಮ್ಮನಿಗೆ ತಿಂಗಳು ತಿಂಗಳು ಬರುವ ದುಡ್ಡು ನಿಂತದ್ದು ಹೆದರಿಕೆ. ದೊಡ್ಡಮ್ಮ, ಮೇಲೆ ಹೇಳಿದೆ. ಅಪ್ಪ ಅಡಿಕೆಯವರು, ಹೆಚ್ಚು ಮಾತಿಲ್ಲ. ಡೈರಿಯ ಲೆಕ್ಕ ತೋರಿಸಿದೆ, ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿ, ಅಡಿಕೆಗೆ ರೇಟಿಲ್ಲದಿದ್ರೆ ಅಟ್ಟದಲ್ಲಿ ಕಟ್ಟಿಡಬಹುದು, ನೀನು ನಿನ್ನ ದಿನ ಎಲ್ಲಿ ಕಟ್ಟಿಡ್ತಿ ಅಂತ ಕೇಳಿದ್ರು. ಮರುದಿನ ಕೊಟ್ಟಗೆಯ ಗೋಣಿಗಳನ್ನೆಲ್ಲ ಅವರೇ ಆಚೆ ಸಾಗಿಸಿದ್ರು.

ಈಗ ಆರಾಮವಾ? ಬರ್ನೌಟ್ ಎಲ್ಲ ಹೋಯ್ತಾ?

ಕಳೆದ ಏಪ್ರಿಲಲ್ಲಿ ಪುನಃ ಅದೇ ಮಾಡಿಕೊಂಡೆ. ಮುಹೂರ್ತ ಜಾಸ್ತಿ ಇದ್ದ ತಿಂಗಳು, ಬೇಡ ಅನ್ಲಿಕ್ಕೆ ಮನಸ್ಸು ಬಾರದೆ ಏಳು ಕಾಗದದ ಆರ್ಡರ್ ತಗೊಂಡೆ, ರಾತ್ರಿ ಎರಡಕ್ಕೆ ವಧುವಿನ ಹೆಸರಿನ ದೀರ್ಘ ಬಿಟ್ಟು ಹೋಯ್ತು, 300 ಕಾಗದ ಒಲೆಗೆ. ಈ ಸಲ ಬೈಲಿಕ್ಕೆ ಬೇರೆ ಯಾರೂ ಇಲ್ಲ, ರೇಟು ದಿನ ಎಲ್ಲ ನನ್ನದೇ. ಅಕ್ಕ ನನ್ನ ಫೋನ್ ಕಿತ್ತುಕೊಂಡು ಅಕ್ಕಿ ಡಬ್ಬಕ್ಕೆ ಹಾಕಿ ಮುಚ್ಚಳ ಹಾಕಿದ್ರು, ಸಂಜೆ ಆರರವರೆಗೆ ಅದು ಒಳಗಿಂದಲೇ ಗುಂಯ್ ಗುಂಯ್ ಅಂತಿತ್ತು. ಅಲ್ಲಿಂದ ತಿಂಗಳಿಗೆ ನಾಲ್ಕೇ ಕಾಗದ, ಕ್ಯಾಲೆಂಡರಲ್ಲಿ ನಾಲ್ಕು ಚೌಕ ಹಾಕಿಟ್ಟಿದ್ದೇನೆ. ಐದನೆಯವರಾಗಿ ಬಂದದ್ದು ದೊಡ್ಡಮ್ಮ, ಮೊಮ್ಮಗಳ ಮದುವೆಗೆ. ಇಲ್ಲ ದೊಡ್ಡಮ್ಮ, ಚೌಕ ತುಂಬಿದೆ ಅಂದೆ. ಅವರಿನ್ನೂ ನನ್ನಲ್ಲಿ ಮಾತಾಡ್ಲಿಕ್ಕೆ ಶುರು ಮಾಡ್ಲಿಲ್ಲ.

ಕಲೀಲಿಕ್ಕೆ ಬರಬಹುದಾ?

ಶನಿವಾರ ಬನ್ನಿ, ಮೊದಲೇ ಹೇಳಿ ಬನ್ನಿ, ಒಂದು ಸಲಕ್ಕೆ ಮೂರು ಜನಕ್ಕಿಂತ ಹೆಚ್ಚು ಕೊಟ್ಟಗೆಯಲ್ಲಿ ನಿಲ್ಲಿಕ್ಕಾಗುದಿಲ್ಲ. ಒಳ್ಳೆ ಅಂಗಿ ಹಾಕಿಕೊಂಡು ಬರ್ಬೇಡಿ, ಇಂಕು ಹೋಗುದಿಲ್ಲ. ಮನೆಯಲ್ಲಿ ಹಳೆ ಬಿಳಿ ಮುಂಡು ಇದ್ರೆ ಒಂದು ತನ್ನಿ, ಮೊದಲ ಹತ್ತು ಪ್ರಿಂಟ್ ಅದರ ಮೇಲೆಯೇ.